ಪಟ್ನೆಂನಲ್ಲಿ ಮೊಣಕಾಲೆತ್ತರದ ಅಲೆ, ಬಾಡಿಗೆ ಬೋರ್ಡು

ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಅಲೆ ಬೇಕು, ಎದೆ ಝಲ್ಲೆನ್ನಬೇಕು ಅನ್ನುವವರಿಗೆ ಇದು ಜಾಗ ಅಲ್ಲ. ದಕ್ಷಿಣ ಗೋವಾದ ಪಟ್ನೆಂ ಬೀಚಿನಲ್ಲಿರುವ ಈ ಬಾಡಿಗೆ ಶೆಡ್ಡಿನವರ ಹತ್ತಿರ ಸಿಗುವುದು ಮೊಣಕಾಲೆತ್ತರದ ಅಲೆ, ನಿಂತುಕೊಳ್ಳೋಕೆ ಅಗಲವಾದ ಬೋರ್ಡು, ಕೈಗೆ ಒಂದು ಪ್ಯಾಡಲ್ಲು, ಅಂದರೆ ಹುಟ್ಟು. ಹೀಗೆ ನಿಂತು ಹುಟ್ಟು ಹಾಕುತ್ತಾ ಅಲೆ ಹಿಡಿಯುವ ಆಟಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್ ಅನ್ನುತ್ತಾರೆ. ಅಷ್ಟೇ. ನನಗಂತೂ ಅಷ್ಟು ಬೇಕಾದಷ್ಟಾಯಿತು.

ನಾನು ಧಾರವಾಡದವಳು, ಕೆಲಸಕ್ಕೆ ಮಡಗಾಂವ್‌ನಲ್ಲಿದ್ದೇನೆ. ವಯಸ್ಸು 46, ತೂಕ 70 ಕೆಜಿ. ಯಾರೂ ಕೇಳದೇ ತೂಕ ಹೇಳಿದ್ದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ. ಜೊತೆಗೆ ಶಿವರಾತ್ರಿ ರಜೆಗೆ ಹುಬ್ಬಳ್ಳಿಯಿಂದ ಬಂದಿದ್ದ ತಂಗಿಯ ಮಗಳು. ಮತ್ತೆ ನಮ್ಮ ಮನೆಯವರು. ಅವರು ನೀರಿಗೆ ಇಳಿಯುವ ಪೈಕಿ ಅಲ್ಲ. ಛತ್ರಿ, ಪೇಪರು, ಚಹಾದ ಫ್ಲಾಸ್ಕು ಹಿಡಿದು ದಡದಲ್ಲಿ ಕೂತು ಎಲ್ಲರಿಗೂ ಸಲಹೆ ಕೊಡುವ ಪೈಕಿ.

ಈ ಶೆಡ್ಡು ನನಗೆ ಹಿಡಿಸಿದ್ದು ನೀರಿಗೆ ಇಳಿಯುವ ಮೊದಲೇ. ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ‘ನಾಳೆ 11 ಗಂಟೆಗೆ ಎರಡು ಬೋರ್ಡ್ ಸಿಗತ್ತಾ’ ಅಂತ ಕೇಳಿದ್ದೆ. ಬೇರೆಯವರಾಗಿದ್ದರೆ ‘ಸಿಗತ್ತೆ, ಬನ್ನಿ’ ಅಂದು ಅಡ್ವಾನ್ಸ್ ಕೇಳುತ್ತಿದ್ದರು. ಇಲ್ಲಿಂದ ಬಂದ ಉತ್ತರ: ‘11ಕ್ಕೆ ಬೇಡ. 7ಕ್ಕೆ ಬನ್ನಿ. ಆಮೇಲೆ ಗಾಳಿ.’ ಗಿರಾಕಿ ಕೈತಪ್ಪಿದರೂ ಪರವಾಗಿಲ್ಲ, ಹೊತ್ತಲ್ಲದ ಹೊತ್ತಲ್ಲಿ ಬರುವುದು ಬೇಡ ಅನ್ನುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಗಾಳಿಯ ಲೆಕ್ಕ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ರಾತ್ರಿ ನೆಲ ತಣ್ಣಗಾಗಿರುತ್ತದೆ, ಬೆಳಿಗ್ಗೆ ಗಾಳಿ ಒಂದೋ ಇರುವುದಿಲ್ಲ, ಇಲ್ಲಾ ನೆಲದ ಕಡೆಯಿಂದ ಸಮುದ್ರದ ಕಡೆಗೆ ಮೆಲ್ಲಗೆ ಬೀಸುತ್ತದೆ. ಆಗ ಅಲೆ ನುಣ್ಣಗೆ, ಸಾಲಾಗಿ ಬರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದ ಗಾಳಿ ಶುರು. ಇಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ. ನೀರೆಲ್ಲಾ ಕುಟ್ಟಿದ ಹಾಗೆ ಏರುಪೇರು. ಬೋರ್ಡ್ ಮೇಲೆ ಮಲಗಿ ಕೈಯಲ್ಲೇ ನೀರೆಳೆದು ಅಲೆ ಹಿಡಿಯುವ ಸಾಮಾನ್ಯ ಸರ್ಫಿಂಗ್‌ನವರಿಗೆ ಅದು ಹೇಗೋ ನಡೆಯುತ್ತದೆ. ನಿಂತು ಹೋಗುವವರಿಗೆ ಮೈಯೇ ಗಾಳಿಗೆ ಅಡ್ಡ, ಸುಮ್ಮನೆ ನಿಂತರೂ ತಳ್ಳಿಕೊಂಡು ಹೋಗುತ್ತದೆ. ಬೆಳಗಿನ ನೆಲದ ಗಾಳಿ ಜೋರಾಗಿದ್ದರೂ ಅಪಾಯವೇ, ಗೊತ್ತಾಗದ ಹಾಗೆ ಆಳದ ಕಡೆಗೆ ಒಯ್ಯುತ್ತದೆ. ಅಂಥ ದಿನ ಹೊಸಬರಿಗೆ ಬೋರ್ಡೇ ಕೊಡುವುದಿಲ್ಲ ಅಂತ ಇವರು ಆಮೇಲೆ ಹೇಳಿದರು.

ಮಡಗಾಂವ್‌ನಿಂದ ಪಟ್ನೆಂ ಸುಮಾರು 40 ಕಿಲೋಮೀಟರ್. ಕುಂಕಳ್ಳಿ ದಾಟಿ ಕರ್ಮಲ್ ಘಾಟಿ ಇಳಿದರೆ ಕಾಣಕೋಣ. ಕಾರವಾರದ ಕಡೆಯಿಂದ ಬರುವವರಿಗೆ ಇನ್ನೂ ಸುಲಭ. ಬಸ್ಸಿನಲ್ಲಿ ಚಾವಡಿ ಪೇಟೆಯಲ್ಲಿ ಇಳಿದು ರಿಕ್ಷಾ ಹಿಡಿದರೆ ಆಯಿತು. ರೈಲಿನವರಿಗೆ ಕಾಣಕೋಣ ಸ್ಟೇಷನ್ನೇ ಇದೆ.

ಪಕ್ಕದ ಪಾಲೊಳೆಂ ಬೀಚು ಬಿಟ್ಟು ಪಟ್ನೆಂ ಯಾಕೆ ಅಂತ ಕೇಳಬಹುದು. ಎರಡಕ್ಕೂ ನಡುವೆ ಕೊಳಂಬದ ಬಂಡೆಗಳು, ನಡೆದೇ ದಾಟಬಹುದಾದಷ್ಟು ದೂರ. ಪಾಲೊಳೆಂ ಕೊಲ್ಲಿ ಒಳಕ್ಕೆ ಬಾಗಿದೆ, ಎರಡೂ ತುದಿಯಲ್ಲಿ ಬಂಡೆ, ಉತ್ತರಕ್ಕೆ ನಡುಗಡ್ಡೆ ಬೇರೆ. ಅಲ್ಲಿ ನೀರು ಎಷ್ಟೋ ದಿನ ಕೆರೆಯಷ್ಟು ಸಮ. ಬೋರ್ಡ್ ಮೇಲೆ ನಿಲ್ಲೋದು ಕಲಿಯೋಕೆ ಒಳ್ಳೆಯದು, ಅಲೆ ಹಿಡಿಯೋಕೆ ಅಲ್ಲ. ಪಟ್ನೆಂ ಸಮುದ್ರಕ್ಕೆ ಇನ್ನೊಂದಿಷ್ಟು ತೆರೆದುಕೊಂಡಿದೆ, ಅಲೆ ತುಸು ಜಾಸ್ತಿ. ಅಗೊಂದಕ್ಕೆ ಹೋದರೆ ಇನ್ನೂ ಜೋರು, ಅಲ್ಲಿ ನನ್ನಂಥವರಿಗೆ ಸುಮ್ನೆ ಹೆದರಿಕೆ.

ಶೆಡ್ಡು ಅಂದರೆ ನಾಲ್ಕು ಅಡಿಕೆ ಕಂಬ, ಮೇಲೆ ತೆಂಗಿನ ಗರಿ. ಪಾಠ ಹೇಳಿಕೊಡುವ ಹುಡುಗ ಇಂಗ್ಲಿಷು ಹಿಂದಿ ಬೆರೆಸಿ ಶುರು ಮಾಡಿದ. ನಮ್ಮ ಹುಡುಗಿ ನನ್ನ ಕಡೆ ತಿರುಗಿ ‘ದೊಡ್ಡಮ್ಮ, ಇವ್ರು ತೂಕ ಯಾಕ್ ಕೇಳ್ತಾರ?’ ಅಂದದ್ದೇ ತಡ, ಅವನ ಮುಖ ಅರಳಿತು. ‘ಕನ್ನಡವಾ ಅಕ್ಕಾ? ನಾನು ಮಾಜಾಳಿ.’ ಗಡಿ ದಾಟಿದರೆ ಸಿಗುವ ಮೊದಲ ಊರು. ಮನೆಯಲ್ಲಿ ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಅಲ್ಲಿಂದ ಪಾಠವೆಲ್ಲಾ ಕನ್ನಡದಲ್ಲೇ ನಡೆಯಿತು. ಅದು ಎಷ್ಟು ಅನುಕೂಲ ಅಂದರೆ, ಅಲೆ ಬೆನ್ನ ಹಿಂದೆ ಬರುತ್ತಿರುವಾಗ ‘ಬಗ್ಗಿ, ಬಗ್ಗಿ! ಮೊಣಕಾಲು!’ ಅಂದರೆ ಯೋಚನೆಯಿಲ್ಲದೆ ಮೈ ಕೇಳುತ್ತದೆ.

ತೂಕ ಕೇಳಿದ್ದು ಬೋರ್ಡ್ ಆರಿಸೋಕೆ. ಬೋರ್ಡಿನ ಗಾತ್ರಕ್ಕೆ ಇಷ್ಟು ಲೀಟರ್ ಅಂತ ಅಳತೆ ಇರುತ್ತದೆ. ಹೊಸಬರಿಗೆ ತಮ್ಮ ತೂಕ ಎಷ್ಟು ಕೆಜಿಯೋ ಅದರ ಎರಡರಷ್ಟಾದರೂ ಲೀಟರ್ ಇದ್ದರೆ ನೆಮ್ಮದಿಯಾಗಿ ನಿಲ್ಲಬಹುದು. ನನಗೆ ಕೊಟ್ಟದ್ದು ಹತ್ತಡಿ ಉದ್ದ, 32 ಇಂಚು ಅಗಲದ ಗಟ್ಟಿ ಬೋರ್ಡು. ಹುಡುಗಿ ತೆಳ್ಳಗಿದ್ದಾಳೆ, ಅವಳಿಗೆ ಒಂದು ಅಡಿ ಗಿಡ್ಡದ್ದು. ಗಾಳಿ ತುಂಬುವ ಬೋರ್ಡುಗಳೂ ಇದ್ದವು, ಬಾಡಿಗೆ ಕಡಿಮೆ. ‘ಅದು ಪಾಲೊಳೆಂನಲ್ಲಿ ಸುತ್ತಾಡೋಕೆ ಸರಿ ಅಕ್ಕಾ, ಅಲೆ ಮೇಲೆ ತಿರುಗೋದಿಲ್ಲ’ ಅಂದ. ಮಾತು ನಿಜ. ಅವುಗಳ ಅಂಚು ದುಂಡಗೆ, ದಪ್ಪ. ಅಲೆಯ ಇಳಿಜಾರನ್ನು ಕಚ್ಚಿ ಹಿಡಿಯೋದಿಲ್ಲ. ಗಾಳಿ ಸರಿಯಾಗಿ ತುಂಬದಿದ್ದರೆ ನಡುವೆ ಬಾಗುತ್ತವೆ. ಮೈಗೆ ಬಡಿದರೆ ಪೆಟ್ಟು ಕಡಿಮೆ ಅನ್ನೋದೊಂದು ಲಾಭ. ಮಕ್ಕಳಿಗಾದರೆ ನಾನೂ ಅದನ್ನೇ ಕೇಳುತ್ತೇನೆ.

ಬೋರ್ಡನ್ನು ಮರಳಿನ ಮೇಲೆ ಮಗುಚಿ ಹಾಕಿ ಅವನು ಮಾಡಿದ ಕೆಲಸವನ್ನು ನಾನು ಕೂತು ನೋಡಿದೆ. ಹಿಂಬದಿಯಲ್ಲಿ ನಡುವಿನ ಫಿನ್ನು, ಅಂದರೆ ಬೋರ್ಡಿನ ಅಡಿಗೆ ಸಿಕ್ಕಿಸುವ ಮೀನಿನ ರೆಕ್ಕೆಯಂಥದ್ದು, 9 ಇಂಚಿನದು. ಅದರ ಸ್ಕ್ರೂ ಬಿಚ್ಚಿ, ಸೀಳಿನಿಂದ ಫಿನ್ ಎಳೆದು ತೆಗೆದ. ಒಳಗೆ ಕೂತಿದ್ದ ಮರಳನ್ನು ಹಳೇ ಟೂತ್‌ಬ್ರಷ್‌ನಿಂದ ಕೆರೆದ. ಬೇರೆ ಗಿಡ್ಡ ಫಿನ್ ಕೂರಿಸಿ, ಅಕ್ಕಪಕ್ಕ ಎರಡು ಸಣ್ಣವು ಹಾಕಿ, ಮೂರನ್ನೂ ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಯಾಕೆ ಇಷ್ಟೆಲ್ಲಾ ಅಂದರೆ, ಅಲೆ ಒಡೆಯುವುದು ನೀರಿನ ಆಳ ಅಲೆಯ ಎತ್ತರಕ್ಕಿಂತ ಸ್ವಲ್ಪವೇ ಜಾಸ್ತಿ ಇರುವ ಕಡೆ. ಎರಡಡಿ ಅಲೆ ಹೆಚ್ಚುಕಡಿಮೆ ಎರಡೂವರೆ ಅಡಿ ನೀರಿನಲ್ಲಿ ಒಡೆಯುತ್ತದೆ. ದಡದ ತನಕ ಸವಾರಿ ಮಾಡಿದರೆ ಉದ್ದದ ಫಿನ್ ಮರಳಿಗೆ ಕಚ್ಚುತ್ತದೆ. ಬೋರ್ಡು ನಿಂತುಬಿಡುತ್ತದೆ, ನೀವು ನಿಲ್ಲುವುದಿಲ್ಲ.

ಆಮೇಲೆ ಲೀಶ್, ಅಂದರೆ ಬೋರ್ಡಿಗೂ ಕಾಲಿಗೂ ಕಟ್ಟುವ ಹಗ್ಗ. ಸಮ ನೀರಿಗೆ ಸುರುಳಿ ಲೀಶ್ ಬಳಸುತ್ತಾರೆ. ಅಲೆಗೆ ಅದು ಬೇಡ, ಬಿದ್ದಾಗ ಸ್ಪ್ರಿಂಗ್ ಎಳೆದು ಬೋರ್ಡನ್ನು ನಮ್ಮ ಮುಖಕ್ಕೇ ತರುತ್ತದೆ. ಇವನ ಹತ್ತಿರ ನೆಟ್ಟಗಿನವು ಬೇರೆ ಮೊಳೆಗೆ ನೇತಾಕಿದ್ದವು. ಉದ್ದಕ್ಕೂ ಬೆರಳಾಡಿಸಿ, ಸೀಳು ಬಿಟ್ಟಿದೆಯಾ ಅಂತ ನೋಡಿಯೇ ಕೊಟ್ಟ. ಗೋವಾದ ಇನ್ನೊಂದು ಬೀಚಿನಲ್ಲಿ ಒಬ್ಬರು ನನಗೆ ಲೀಶೇ ಇಲ್ಲದ ಬೋರ್ಡು ಕೊಟ್ಟು ‘ಕುಛ್ ನಹೀ ಹೋತಾ’ ಅಂದಿದ್ದರು. ಬಿದ್ದ ಕೂಡಲೇ ಬೋರ್ಡು ಅಲೆಯ ಜೊತೆ ದಡಕ್ಕೆ ಹಾರಿತು, ಅಲ್ಲಿ ಆಡುತ್ತಿದ್ದ ಮಗುವಿಗೆ ಸ್ವಲ್ಪದರಲ್ಲಿ ತಪ್ಪಿತು. ಹತ್ತು ಹನ್ನೆರಡು ಕೆಜಿಯ ಬೋರ್ಡು ಅದು. ಹಾಗಾಗಿ ಲೀಶ್ ನೋಡಿ ಕೊಡುವ ಅಂಗಡಿಗೆ ನನ್ನ ಲೆಕ್ಕದಲ್ಲಿ ಅರ್ಧ ಮಾರ್ಕು ಅಲ್ಲಿಗೇ ಸಿಕ್ಕಿತು.

ಪ್ಯಾಡಲ್ಲಿನ ವಿಷಯದಲ್ಲಿ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಎತ್ತರಕ್ಕೆ ತಕ್ಕ ಹಾಗೆ ಉದ್ದ ಹೊಂದಿಸುವ ಜೋಡಣೆ ಪ್ಯಾಡಲ್ಲು, ನಡುವೆ ಒಂದು ಕ್ಲಿಪ್ಪು. ಸಮ ನೀರಿಗೆ ತಲೆಗಿಂತ ಒಂದು ಗೇಣು ಮೇಲೆ ಬರುವಷ್ಟು ಉದ್ದ ಸಾಕು, ಅಲೆಗೆ ಅದಕ್ಕಿಂತ ಸ್ವಲ್ಪ ಗಿಡ್ಡ. ನನ್ನದರ ಕ್ಲಿಪ್ಪಿನೊಳಗೆ ಉಪ್ಪು ಮರಳು ಕೂತು ಹಿಡಿತವೇ ಇರಲಿಲ್ಲ. ಜೋರಾಗಿ ಎಳೆದಾಗ ಅಲಗು ತಿರುಗಿಬಿಡೋದು. ಅಲೆ ಸಿಗುವ ಹೊತ್ತಿಗೇ ಹಾಗಾದರೆ ಎಷ್ಟು ಸಿಟ್ಟು ಬರತ್ತೆ! ಹೇಳಿದೆ, ಬದಲಾಯಿಸಿ ಕೊಟ್ಟ. ಎರಡನೆಯದೂ ಅದೇ ಕಥೆ. ಕೊನೆಗೆ ತನ್ನ ಕೈಲಿದ್ದ ಒಂದೇ ತುಂಡಿನದನ್ನು ನನಗೆ ಕೊಟ್ಟು ನನ್ನದನ್ನು ಅವನು ಇಟ್ಟುಕೊಂಡ. ಒಳ್ಳೆಯ ಮನಸ್ಸು, ಸರಿ. ಆದರೆ ಫಿನ್ನಿಗೆ ತೋರಿಸುವ ಕಾಳಜಿಯನ್ನು ಕ್ಲಿಪ್ಪಿಗೂ ತೋರಿಸಬಹುದಿತ್ತಲ್ವಾ.

ಪಾಠ ದಡದಲ್ಲಿ ಸ್ವಲ್ಪ, ನೀರಲ್ಲಿ ಜಾಸ್ತಿ. ಪ್ಯಾಡಲ್ಲಿನ ಅಲಗು ಮುಂದಕ್ಕೆ ಬಾಗಿರಬೇಕು, ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ. ಬೋರ್ಡನ್ನು ಯಾವಾಗಲೂ ನಮ್ಮ ಪಕ್ಕಕ್ಕೆ ಹಿಡಿದು ನೀರಿಗೆ ಹೋಗಬೇಕು. ನಮಗೂ ಅಲೆಗೂ ನಡುವೆ ಅದು ಬಂದರೆ ಅಲೆ ಎತ್ತಿ ನಮ್ಮ ಮೇಲೇ ಎಸೆಯುತ್ತದೆ. ಬಿದ್ದರೆ ತಲೆ ಕೆಳಗಾಗಿ ಅಲ್ಲ, ಪಕ್ಕಕ್ಕೆ, ಚಪ್ಪಟೆಯಾಗಿ. ಮರಳು ಹತ್ತಿರವೇ ಇರುತ್ತದೆ. ಇಷ್ಟು ಹೇಳಿ, ‘ಉಳಿದದ್ದು ನೀರೇ ಹೇಳ್ತದೆ, ಬನ್ನಿ’ ಅಂದ.

ನೊರೆ ದಾಟಿ ಆಚೆ ಹೋಗುವ ತನಕ ಮೊಣಕಾಲಲ್ಲೇ ಇರಿಸಿದ. ಬೋರ್ಡಿನ ಮೂತಿ ಅಲೆಗೆ ನೇರ ಇರಬೇಕು, ಓರೆಯಾದರೆ ಮಗುಚುತ್ತದೆ. ಆಚೆ ಹೋದಮೇಲೆ ಎದ್ದು ನಿಂತೆವು. ಈ ಆಟದ ಸುಖ ಗೊತ್ತಾಗುವುದು ಅಲ್ಲಿ. ಮಲಗಿದವರಿಗೆ ಕಾಣದ ಅಲೆ ನಿಂತವರಿಗೆ ದೂರದಿಂದಲೇ ಕಾಣುತ್ತದೆ. ನೀರಿನ ಮೇಲೆ ಒಂದು ಕಪ್ಪು ಗೆರೆ, ಹಿಂದೆ ಇನ್ನೊಂದು. ಮೊದಲನೆಯದನ್ನು ಬಿಡಿ ಅಂದ. ಬಿಟ್ಟೆವು. ಕಾಲ ಕೆಳಗೆ ಬೋರ್ಡು ಎದ್ದು ಇಳಿಯಿತು. ಎರಡನೆಯದು ಹತ್ತಿರ ಬರುವ ಮೊದಲೇ ಮೂತಿ ದಡದ ಕಡೆ ತಿರುಗಿಸಿ ಎಳೆಯಬೇಕು. ಉದ್ದುದ್ದ ಎಳೆತ ಅಲ್ಲ, ಗಿಡ್ಡ ಗಿಡ್ಡ, ಬೇಗ ಬೇಗ. ಹಿಂಬದಿ ಎದ್ದದ್ದು ಅಂಗಾಲಿಗೆ ಗೊತ್ತಾಗುತ್ತದೆ. ಆಗ ಇನ್ನೆರಡು ಎಳೆತ, ಒಂದು ಕಾಲು ಹಿಂದಕ್ಕೆ. ಇಲ್ಲದಿದ್ದರೆ ಮೂತಿ ನೀರಿಗೆ ಹೊಕ್ಕು ಮುಗೀತು. ಹಿಂದಕ್ಕೆ ಸರಿದರೆ ಬೋರ್ಡು ತಾನೇ ಹೊರಡುತ್ತದೆ. ಆಮೇಲೆ ಎಳೆಯುವ ಕೆಲಸವೇ ಇಲ್ಲ. ಪ್ಯಾಡಲ್ಲಿನ ಅಲಗನ್ನು ಪಕ್ಕದ ನೀರಿಗೆ ತಾಗಿಸಿಕೊಂಡರೆ ಅದೇ ಊರುಗೋಲು, ಅದೇ ಚುಕ್ಕಾಣಿ. ಮೊಣಕಾಲೆತ್ತರದ ಅಲೆ ಅಷ್ಟು ದೂರ ಹೊತ್ತುಕೊಂಡು ಹೋಗುತ್ತದೆ ಅಂತ ದಡದಲ್ಲಿ ನಿಂತು ನೋಡಿದವರು ನಂಬುವುದಿಲ್ಲ. ದೊಡ್ಡ ಬೋರ್ಡು, ಜೊತೆಗೆ ಪ್ಯಾಡಲ್ಲಿನ ಬಲ, ಅದಕ್ಕೇ ಸೋಮಾರಿ ಅಲೆ ಕೂಡ ಸಿಗುತ್ತದೆ. ಸಾಮಾನ್ಯ ಸರ್ಫ್ ಬೋರ್ಡಿನವರು ಅಂಥ ದಿನ ಸುಮ್ನೆ ಕೂತು ಕಾಯುತ್ತಾರೆ.

ಹಾಗಂತ ಎಲ್ಲ ಅಲೆಯನ್ನೂ ನಾವೇ ಬಾಚಿಕೊಳ್ಳಬಾರದು. ಅವತ್ತು ಇಬ್ಬರು ಮಲಗುವ ಬೋರ್ಡಿನವರು ನೀರಲ್ಲಿದ್ದರು. ‘ಅವರಿಗೆ ಒಂದು ಬಿಡಿ, ನೀವು ಒಂದು ತಗೊಳ್ಳಿ’ ಅಂತ ನಮ್ಮ ಹುಡುಗಿಯನ್ನು ಅವನು ತಡೆದದ್ದು ನನಗೆ ಇಷ್ಟವಾಯಿತು. ಮರ್ಯಾದೆಯನ್ನೂ ಪಾಠದ ಜೊತೆ ಕಲಿಸುವವರು ಕಡಿಮೆ.

ಅವನು ಪೂರ್ತಿ ಹೊತ್ತು ತನ್ನ ಬೋರ್ಡಿನ ಮೇಲೆ ನಿಂತೇ ಇದ್ದ. ಕಲಿಯುವವರನ್ನೂ ಹಿಂದಿನ ಅಲೆಯನ್ನೂ ಒಟ್ಟಿಗೆ ನೋಡೋಕೆ ಅದೇ ಅನುಕೂಲ. ಹವಾಯಿಯ ವೈಕೀಕಿ ಬೀಚಿನಲ್ಲಿ ಸರ್ಫಿಂಗ್ ಕಲಿಸುತ್ತಿದ್ದ ಹುಡುಗರೂ ಹಿಂದೆ ಇದೇ ಕಾರಣಕ್ಕೆ ಹುಟ್ಟು ಹಿಡಿದು ನಿಲ್ಲುತ್ತಿದ್ದರು. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಥರದ ಹೆಸರಾಂತ ಸರ್ಫಿಂಗ್‌ನವರು ಅದನ್ನೇ ಬೇರೆ ಆಟವಾಗಿ ಬೆಳೆಸಿದರು. ನಮ್ಮಲ್ಲಿ ಇದಕ್ಕೆ ಹೆಸರು ಬಂದದ್ದು ಗೋವಾದಿಂದ ಅಲ್ಲ, ನಮ್ಮದೇ ಕರಾವಳಿಯಿಂದ ಅಂತ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಮೂಲ್ಕಿಯಲ್ಲಿ ಸರ್ಫಿಂಗ್ ಶುರುವಾಗಿ ಇಪ್ಪತ್ತು ವರ್ಷ ಮೇಲಾಯಿತು. ಮಂಗಳೂರು ಕಡೆಯ ತನ್ವಿ ಜಗದೀಶ್ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್‌ನಲ್ಲಿ ದೇಶದ ಪರವಾಗಿ ಸ್ಪರ್ಧಿಸಿದವರು. 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೇ ನಡೆಯಿತು. ನಮ್ಮ ಮಾಜಾಳಿಯ ಹುಡುಗನಿಗೆ ಇದೆಲ್ಲಾ ಬಾಯಿಪಾಠ.

ಇನ್ನು ದೂರುಗಳು. ಬಟ್ಟೆ ಬದಲಿಸೋಕೆ ಚಾಪೆ ಕಟ್ಟಿದ ಒಂದು ಗೂಡಿದೆ, ಚಿಲಕ ಇಲ್ಲ. ಹೆಂಗಸರು ಬರುವ ಜಾಗ, ಒಂದು ಚಿಲಕಕ್ಕೆ ಎಷ್ಟು ಖರ್ಚಾದೀತು? ನಾನು ಹೋದಾಗ ಹುಡುಗಿ ಹೊರಗೆ ಕಾವಲು, ಅವಳು ಹೋದಾಗ ನಾನು. ಮೈ ತೊಳೆಯೋಕೆ ಸಿಹಿನೀರು ಒಂದು ಡ್ರಮ್ಮು, ಅದಕ್ಕೆ ಒಂದೇ ಚೊಂಬು. ಕಾಯ್ದಿರಿಸಿದ ಬೋರ್ಡುಗಳು ಬಿಸಿಲಲ್ಲೇ ಬಿದ್ದಿರುತ್ತವೆ, ತಡವಾಗಿ ಹೋದವರ ಅಂಗಾಲು ಚುರ್ ಅನ್ನುತ್ತದೆ. ಸಹಿ ಹಾಕಿಸಿಕೊಳ್ಳುವ ಸುರಕ್ಷತೆ ಫಾರಂ ಬರೀ ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಬಾಯಲ್ಲಿ ಅಷ್ಟು ಚೆನ್ನಾಗಿ ಹೇಳುವವರು ಅದನ್ನೇ ಒಂದು ಹಲಗೆ ಮೇಲೆ ಕೊಂಕಣಿ, ಹಿಂದಿ, ಕನ್ನಡದಲ್ಲಿ ಬರೆದು ನೇತಾಕಬಹುದು.

ವಿಡಿಯೊ ಪ್ಯಾಕೇಜ್ ಅಂತ 1,200 ರೂಪಾಯಿಯದೊಂದು ಇದೆ. ದಯವಿಟ್ಟು ತಗೋಬೇಡಿ. ಮೊಣಕಾಲೆತ್ತರದ ಅಲೆ ಕ್ಯಾಮೆರಾದಲ್ಲಿ ಅಲೆಯ ಹಾಗೇ ಕಾಣುವುದಿಲ್ಲ. ದಡದಿಂದ ನಮ್ಮ ಮನೆಯವರು ಮೊಬೈಲಿನಲ್ಲಿ ತೆಗೆದದ್ದರಲ್ಲಿ ನಾನು ನೀರಲ್ಲಿ ಬಸ್ಸಿಗೆ ಕಾಯುತ್ತಿರುವಂತೆ ಕಾಣುತ್ತೇನೆ. ದುಡ್ಡು ಕೊಟ್ಟರೂ ಅದೇ ಬರುತ್ತದೆ.

ನಾನು ಕೊಟ್ಟದ್ದು: ಎರಡು ಗಂಟೆಯ ಪಾಠಕ್ಕೆ ತಲೆಗೆ 1,800 ರೂಪಾಯಿ, ಬೋರ್ಡು, ಲೈಫ್ ಜಾಕೆಟ್ಟು ಅದರಲ್ಲೇ ಬಂತು. ಪಾಠ ಬೇಡ, ಬರೀ ಬೋರ್ಡು ಸಾಕು ಅಂದರೆ ಗಂಟೆಗೆ 700. ಎರಡು ಸಾವಿರ ಡೆಪಾಸಿಟ್ ನಗದಾಗಿಯೇ ಬೇಕು, ಗೂಗಲ್ ಪೇ ನಡೆಯಲ್ಲ. ಮೊದಲ ಸಲದವರು ಪಾಠ ತಗೊಳ್ಳಿ. ಆ ದುಡ್ಡು ಹೋಗುವುದು ಹೊತ್ತು ನೋಡಿ, ಬೋರ್ಡು ಆರಿಸಿ, ಪಕ್ಕದಲ್ಲಿ ನಿಲ್ಲುವವನಿಗೆ. ಈಜು ಚೆನ್ನಾಗಿ ಬರದವರು ಜಾಕೆಟ್ ಬಿಡಬೇಡಿ. ಅವನು ಹಾಕಲೇಬೇಕು ಅಂತ ಎಲ್ಲರಿಗೂ ಹಟ ಮಾಡುವುದಿಲ್ಲ. ಅದು ನನಗೆ ಅಷ್ಟು ಸರಿ ಕಾಣಲಿಲ್ಲ.

ಗೋವಾದ ಬೀಚುಗಳಲ್ಲಿ 2008ರಿಂದ ದೃಷ್ಟಿ ಮರೀನ್ ಅನ್ನುವ ಕಂಪನಿಯ ಲೈಫ್‌ಗಾರ್ಡುಗಳಿದ್ದಾರೆ. ಕೆಂಪು ಹಳದಿ ಬಾವುಟಗಳ ನಡುವಿನ ನೀರು ಸ್ನಾನ ಮಾಡುವವರದ್ದು. ಬೋರ್ಡಿನವರು ಅದರಿಂದ ದೂರ ಇರಬೇಕು. ಬರೀ ಕೆಂಪು ಬಾವುಟ ಇದ್ದರೆ ಯಾರೂ ಇಳಿಯುವ ಹಾಗಿಲ್ಲ.

ಒಂಬತ್ತೂವರೆ ದಾಟಿದ ಮೇಲೆ ಹೇಳಿದ ಹಾಗೇ ಗಾಳಿ ಬಂತು. ನೀರಿನ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಎದ್ದವು, ಅವನು ಎಲ್ಲರನ್ನೂ ದಡಕ್ಕೆ ಕರೆದ. ನೆರಳಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಸಮುದ್ರದ ನೀರು ಕುಡಿದು ಬಂದ ಹಸಿವಿಗೆ ಅದಕ್ಕಿಂತ ಒಳ್ಳೆಯದು ಯಾವ ಶ್ಯಾಕ್‌ನಲ್ಲೂ ಸಿಗುವುದಿಲ್ಲ. ಹುಡುಗನಿಗೂ ಎರಡು ರೊಟ್ಟಿ ಕೊಟ್ಟೆ. ಬೆಳ್ಳುಳ್ಳಿ ಜಾಸ್ತಿಯಾಯಿತು ಅಂದು ಪೂರ್ತಿ ತಿಂದ. ಮರುದಿನ ನನಗೆ ನೋವಿದ್ದದ್ದು ತೋಳಲ್ಲಿ ಅಲ್ಲ, ಅಂಗಾಲಲ್ಲಿ ಮತ್ತೆ ಹೊಟ್ಟೆಯ ಪಕ್ಕದಲ್ಲಿ. ನಿಲ್ಲುವ ಕೆಲಸವೆಲ್ಲಾ ಅಲ್ಲಿಂದಲೇ ಆಗುತ್ತದಂತೆ.

ಹೋಗುವವರು ಮೇ ಮುಗಿಯುವುದರೊಳಗೆ ಹೋಗಿ. ಮಳೆಗಾಲಕ್ಕೆ ಬೀಚಿನ ಗುಡಿಸಲುಗಳನ್ನೆಲ್ಲಾ ಬಿಚ್ಚಿಡುತ್ತಾರೆ, ಈ ಶೆಡ್ಡೂ ಇರುವುದಿಲ್ಲ, ಸಮುದ್ರವೂ ಬೇರೆಯೇ ಆಗಿರುತ್ತದೆ. ಅಕ್ಟೋಬರ್ ಹೊತ್ತಿಗೆ ಮತ್ತೆ ಶುರು. ಅಷ್ಟರೊಳಗೆ ಚಿಲಕ ಹಾಕಿಸುತ್ತೇನೆ ಅಂದಿದ್ದಾನೆ. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿ, ಒಳ್ಳೆಯ ಹೊತ್ತು ಯಾವುದು ಅಂತ ಬಿಚ್ಚಿ ಹೇಳುತ್ತಾನೆ. ಡೆಪಾಸಿಟ್ ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಕಡಿಮೆ ಮಾಡುವುದಿಲ್ಲ.